ಮುದಿ ಸಿಸ್ಟರ್‌ಗೆ ಆದ ದರ್ಶನ

ನಲವತ್ತು ವರ್ಷ ಈ ಆಸ್ಪತ್ರೆಯಲ್ಲಿ ದುಡಿದಿದ್ದ ಸ್ಪೇನ್ ದೇಶದ ಮುದಿ ಸಿಸ್ಟರ್, ಲಕ್ವಾ ಹೊಡೆದ ಮೇಲೆ ಕಲಿತ ಕನ್ನಡವನ್ನೆಲ್ಲ ಮರೆತು ತಾಯ್ನುಡಿಗೆ ಮರಳಿದ್ದರು. ಅವರಿಗೆ ಸುಖಮರಣ ಸಿಗಲೆಂದು ಮದರ್ ತಾವೇ ಹಿತ್ತಾಳೆಯ ಶಿಲುಬೆಯೊಂದನ್ನು ಹಾಸಿಗೆಯ ಗವಸಿನೊಳಗೆ ಸೇರಿಸಿದ್ದರು. ಅದರ ಫಲ ಕಣ್ಣೆದುರಿಗೇ ಇತ್ತು. ಅಂದಿನಿಂದ ಮುದುಕಿ ಕಣ್ಣೀರಿಡುತ್ತ ‘ದಿಯೋಸ್, ದಿಯೋಸ್’ ಎಂದು ದೇವರನ್ನು ಕೂಗುತ್ತಲೇ ಇದ್ದರು. ಮಂಚದ ಸುತ್ತ ಮೊಣಕಾಲೂರಿದ ಸಿಸ್ಟರ್‌ಗಳು ಪ್ರತಿ ಕೂಗಿಗೂ ‘ಆಮೆನ್’ ಅನ್ನುತ್ತಿದ್ದರು.

ಆ ಪುಣ್ಯಕ್ಕೆ ಕಲ್ಲು ಹಾಕಲು ಈ ಆಯಾ ದ್ಯಾಮವ್ವ ಒಬ್ಬಳು. ಮೂಲೆಯಲ್ಲಿ ಕೂತು ಫೋನಿಗೆ ಕಿವಿಗೊಟ್ಟು ಸ್ಪ್ಯಾನಿಷ್ ಕಲಿಯುತ್ತಾಳಂತೆ!

“ದುಯೆಲೆ ಅಂದ್ರ ನೋವು. ಎಸ್ಪಾಲ್ದಾ ಅಂದ್ರ ಬೆನ್ನು...”

“ಸಂಬಳಕ್ಕೆ ಹೆಬ್ಬೆಟ್ಟು ಒತ್ತೋಳಿಗೆ ಸ್ಪ್ಯಾನಿಷ್ ಬೇರೆ ಕೇಡು!” ಮದರ್ ಮೂಗು ಮುರಿದರು. “ಅವರಿಗೆ ದರ್ಶನ ಆಗ್ತಾ ಇದೆ ಕಣೇ. ಅದೆಲ್ಲ ನಿನ್ನ ತಲೆಗೆ ಹತ್ತಲ್ಲ. ಹೋಗು, ಬೆಡ್‌ಪ್ಯಾನ್ ತೊಳಿ.”

“ತೊಳದೇನ್ರಿ, ಮದರ್,” ಅಂದವಳು ಎದ್ದು ಬಂದು, ಮುದುಕಿಯ ಕಿವಿಯ ಹತ್ತಿರ ಬಾಗಿ, ಎಲ್ಲಿ ನೋವು ಎಂದು ಅವರದೇ ಮಾತಿನಲ್ಲಿ ಕೇಳಿದಳು. “ದೋಂದೆ ದುಯೆಲೆ?”

ಮುದುಕಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ಬಿಕ್ಕುತ್ತ ಏನೋ ಹೇಳಿದರು.

“ಆಮೆನ್,” ಅಂದರು ಮದರ್, ಎಲ್ಲರಿಗಿಂತ ಜೋರಾಗಿ.

“ಬೆನ್ನಾಗ ಏನೋ ಚುಚ್ಚಾಕತ್ತೈತಂತ್ರಿ,” ಎಂದ ದ್ಯಾಮವ್ವ ಗವಸಿನೊಳಗೆ ಕೈ ಹಾಕಿ, ಶಿಲುಬೆಯನ್ನು ಹೊರಗೆಳೆದು ಮದರ್ ಕೈಗಿಟ್ಟಳು. ಮುದುಕಿಯ ಪ್ರಾರ್ಥನೆ ಅಲ್ಲಿಗೇ ನಿಂತಿತು.