ಆ ಅನ್ನು

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದ ಅಪ್ಪ, ಬಾಯಲ್ಲಿದ್ದ ಗುಟ್ಕಾವನ್ನು ಗಟಾರಕ್ಕೆ ಉಗುಳಿ, ಮಗಳ ಬ್ರಷ್‌ಗೆ ಪೇಸ್ಟ್ ಹಚ್ಚಿದ.

"ಆ ಅನ್ನವ್ವಾ. ನನಗ ನಿದ್ದಿ ಬರಾಕತ್ತೈತಿ."

ಮಗಳು ತುಟಿ ಬಿಗಿದುಕೊಂಡು ತಲೆ ಅಲ್ಲಾಡಿಸಿದಳು. ದಿನವೂ ಇದೇ ಗೋಳು.

"ಹಲ್ಲಿಗೆ ಹುಳಾ ಹತ್ತಿದ್ರ ಡಾಕ್ಟರ್ ಕೀಳ್ತಾರ ನೋಡು."

"ನೀ ಮೊದಲು ತಿಕ್ಕಿ ತೋರಸು. ದೊಡ್ಡವರು ಮಾಡಿ ತೋರಸಬೇಕಂತ, ಅಂಗನವಾಡಿ ಟೀಚರ್ ಹೇಳ್ಯಾರ."

ವಾದ ಮಾಡುವ ತ್ರಾಣ ಅವನಿಗಿರಲಿಲ್ಲ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆದ. ಮಗಳು ತನ್ನ ಬ್ರಷ್ಷನ್ನೇ ಅವನ ಹಲ್ಲುಗಳ ನಡುವೆ ತೂರಿಸಲು ನೋಡಿದಳು. ಅಷ್ಟು ಸಣ್ಣ ಬ್ರಷ್ಷೂ ಒಳಗೆ ಹೋಗಲಿಲ್ಲ.

"ಆಟ ಮಾಡಬ್ಯಾಡಪ್ಪಾ, ದೊಡ್ಡದಾಗಿ ತೆಗಿ."

"ಇದಕ್ಕಿಂತ ದೊಡ್ಡದು ತೆಗಿಯಾಕ ಬರಂಗಿಲ್ಲವ್ವಾ ನನಗ."