ಎರಡು ದಡದ ಕಮಾನು

ವಿವೇಕಿಗಳೂ ಸಹನಾಶೀಲರೂ ಆದ ವಾಚಕ ಮಹಾಶಯರಲ್ಲಿ ಈ ಕಥೆಗಾರನ ವಿನಮ್ರ ಬಿನ್ನಹ: ಅಂಬಿಗನ ಮೇಲೊಂದು ಕಣ್ಣಿಟ್ಟಿರಿ.

ಅವನೀಗ ನಡುಹೊಳೆಯಲ್ಲಿದ್ದಾನೆ. ದೋಣಿಯಲ್ಲಿ ಒಂದೇ ಒಂದು ಕಲ್ಲು. ಅದರ ಭಾರಕ್ಕೆ ನೀರು ದೋಣಿಯ ಅಂಚನ್ನು ನೆಕ್ಕುತ್ತಿದೆ. ಅವನ ತಲೆಯ ಮೇಲೆ, ಮರದ ಅಟ್ಟಣೆಯ ಆಸರೆಯಲ್ಲಿ, ಎರಡೂ ದಡಗಳಿಂದ ಎದ್ದುಬಂದ ಕಮಾನು ನೆತ್ತಿಯಲ್ಲಿ ಒಂದು ಕಲ್ಲಿನಷ್ಟು ಬಾಯಿ ಬಿಟ್ಟು ಕಾದಿದೆ. ಈ ಕಲ್ಲು ಆ ಬಾಯಿಗೆ ಬಿದ್ದರೆ ಸೇತುವೆ. ಸೇತುವೆಯಾದರೆ ದೋಣಿಗೇನು ಕೆಲಸ?

“ಕಲ್ಲು ನೀರಿಗೆ ಬಿದ್ರೆ ನಿನ್ನನ್ನೂ ಹಿಂದೆಯೇ ತಳ್ತೀನಿ!” ಎಂದು ದಡದಿಂದ ಮೇಸ್ತ್ರಿ ಕೂಗಿದ.

“ನಾನು ಈಜ್ತೀನಿ ಮೇಸ್ತ್ರಿಗಳೇ. ನಿಮ್ಮ ಕಲ್ಲಿಗೆ ಈಜು ಬರುತ್ತಾ ಕೇಳಿ,” ಎಂದ ಅಂಬಿಗ.

ಈ ಮೇಸ್ತ್ರಿ ಅಣ್ಣ. ಎದುರು ದಡದ ಮೇಸ್ತ್ರಿ ಅವನ ಒಡಹುಟ್ಟಿದ ತಮ್ಮ. ಕಮಾನಿನ ನೆತ್ತಿಗಲ್ಲನ್ನು ಕಿರಿಯನು ಆರಿಸಬೇಕು, ಹಿರಿಯನು ಕಡೆಯಬೇಕು. ಅದು ಅವರ ಮನೆತನದ ಕಟ್ಟಳೆ. ಬಿರುಕಿಲ್ಲದ ಇಂಥ ಕಲ್ಲು ಗಣಿಯನ್ನೆಲ್ಲ ಅಗೆದರೂ ಇನ್ನೊಂದು ಸಿಗದು. ಕಟ್ಟಳೆ ಉಳಿದಿತ್ತು, ಮಾತು ಉಳಿದಿರಲಿಲ್ಲ.

ಮೊದಲ ಕಲ್ಲು ಇಡುವ ಮುನ್ನವೇ ಅಣ್ಣನ ಹೆಂಡತಿ ಊಟ ಬಡಿಸುತ್ತ ನಿಟ್ಟುಸಿರಿಟ್ಟಿದ್ದಳು. “ನಿಮ್ಮ ತಮ್ಮ ಅಂದ್ರಂತೆ, ಅಣ್ಣನ ಕಲ್ಲು ಗಾರೆ ಹಿಡ್ಕೊಂಡ್ರೆ ಮಾತ್ರ ನಿಲ್ಲುತ್ತೆ ಅಂತ.”

ಕಲ್ಲುಕುಟಿಗನಿಗೆ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಒಳ್ಳೆಯ ಕಮಾನಿನಲ್ಲಿ ಕಲ್ಲು ಕಲ್ಲನ್ನು ಒತ್ತಿಯೇ ನಿಲ್ಲುತ್ತದೆ; ಗಾರೆ ಬರೀ ಹೆಸರಿಗೆ. ಅದೇ ಹೊತ್ತಿಗೆ ಎದುರು ದಡದಲ್ಲಿ ತಮ್ಮನೂ ತಟ್ಟೆ ಸರಿಸಿ ಎದ್ದಿದ್ದ. ಅಣ್ಣ ತನ್ನ ಬಗ್ಗೆ ಅದೇ ಮಾತಾಡಿದನೆಂದು ಅವನ ಹೆಂಡತಿ ಹೇಳಿದ್ದಳು. ಮಾತು ಹೊಳೆ ದಾಟಬೇಕಾದರೆ ದೋಣಿಯೊಂದೇ ದಾರಿ. ಅಂಬಿಗನ ಮೇಲೆ ಕಣ್ಣಿಡಿ ಎಂದದ್ದು ಸುಮ್ಮನೆಯೇ?

ಹೆಂಗಸರ ಪಾಡಂತೂ ಹೇಳತೀರದು. ಓರಗಿತ್ತಿಯರು ದೋಣಿಯಲ್ಲಿ ಎದುರಾದರೆ ಬಾಯಿಗೆ ಕೈ ಅಡ್ಡ ಹಿಡಿದು ಮುಖ ತಿರುಗಿಸುತ್ತಿದ್ದರು. ಭುಜಗಳು ಅಲುಗುತ್ತಿದ್ದವು. ನೋಡಿದವರ ಕರುಳು ಚುರ್ರೆನ್ನುತ್ತಿತ್ತು.

ಆದರೆ ಕೆಲಸ! ಕಮಾನು ಎರಡೂ ಕಡೆ ಸಮನಾಗಿ ಏರಬೇಕು. ಒಂದು ಕಡೆ ಭಾರ ಹೆಚ್ಚಿದರೆ ಅಟ್ಟಣೆ ವಾಲುತ್ತದೆ. ಒಬ್ಬ ಕೆಲಸ ಬಿಟ್ಟು ಕೂತರೆ ಇಬ್ಬರೂ ಕೂರಬೇಕು. ಹಿಂದಿನ ಸೇತುವೆಯಲ್ಲಿ ಜೀವಕ್ಕೆ ಜೀವವಾಗಿದ್ದ ಈ ಸಹೋದರರು ಕಲ್ಲಿಗೊಂದು ಹರಟೆ ಹೊಡೆದಿದ್ದರು; ಆ ಸೇತುವೆ ಮುಗಿಯುವಷ್ಟರಲ್ಲಿ ಹೊಳೆಯೇ ಬೇಸತ್ತು ಬೇರೆ ದಾರಿ ಹಿಡಿಯುವುದರಲ್ಲಿತ್ತು. ಈಗಲೋ, ತನ್ನಿಂದ ತಡವಾಯಿತೆಂಬ ಮಾತು ಯಾರಿಗೂ ಬೇಡ. ಸಂದಿನಲ್ಲಿ ಕೂದಲೂ ತೂರದಂತೆ ಕಡೆದರು.

“ನೆತ್ತಿಗಲ್ಲು ಕೂತ ಮೇಲೆ ಅವನ ದಾರಿ ಅವನಿಗೆ. ಸತ್ರೂ ಮುಖ ನೋಡಲ್ಲ,” ಎಂದು ಅಣ್ಣ ನಿನ್ನೆ ಸಾರಿದ್ದ. ಅವನ ಹೆಂಡತಿ ನಿಜಕ್ಕೂ ಬಿಳಿಚಿಕೊಂಡದ್ದು ಆಗಲೇ.

ಕಲ್ಲು ದಡ ಸೇರಿತು. ಒಂದು ಹನಿ ನೀರೂ ಸೋಕಿರಲಿಲ್ಲ. ಅಣ್ಣ ಕಡೆದ, ಆಳುಗಳು ಹಗ್ಗ ಹಾಕಿ ಮೇಲೇರಿಸಿದರು. ನೆತ್ತಿಗಲ್ಲನ್ನು ಒಬ್ಬನೇ ಬಡಿದು ಕೂರಿಸುವಂತಿಲ್ಲ. ಆ ಬದಿಯಿಂದೊಂದು ಪೆಟ್ಟು, ಈ ಬದಿಯಿಂದೊಂದು. ತಾಳ ತಪ್ಪಿದರೆ ಕಲ್ಲು ಓರೆಯಾಗಿ ಅಂಚು ಸಿಡಿಯುತ್ತದೆ.

ಅಣ್ಣ ಮರದ ಕೊಡತಿ ಎತ್ತಿದ. ತಮ್ಮನೂ ಎತ್ತಿದ. ಇಬ್ಬರೂ ಒಮ್ಮೆಗೇ ಹೊಡೆಯಹೋಗಿ ಇಬ್ಬರೂ ತಡೆದರು. ಮತ್ತೆ ಎತ್ತಿದರು. ಮತ್ತೆ ತಡೆದರು.

“ಮೊದಲು ನೀನು ಹೊಡಿಯೋ,” ಎಂದ ಅಣ್ಣ ಕೊನೆಗೆ.

“ದೊಡ್ಡವನು ನೀನು. ನೀನು ಹೊಡಿ.”

“ದೊಡ್ಡವನ ಮಾತು ಕೇಳ್ತೀಯೋ, ಇಲ್ವೋ?”

ತಮ್ಮ ಹೊಡೆದ. ಅಣ್ಣ ಹೊಡೆದ. ಕಲ್ಲು ಬಿರಡೆಯಂತೆ ಇಳಿದು ಕೂತಿತು.

ಅಣ್ಣ ಬಗ್ಗಿ ಸಂದು ಸವರಿದ. “ನಿನ್ನ ಕಡೆ ಗಾರೆಗೆ ಜಾಗವೇ ಇಲ್ವಲ್ಲೋ.”

“ನಿನ್ನ ಕಡೆ ಮಾತ್ರ ಎಲ್ಲಿದೆ?”

“ಹೋಗ್ಲಿ ಬಿಡು. ನೀನೇನೋ ಅಂದೆ, ನಾನು ಮರ್ತೆ.”

“ನೀನಂದಿದ್ದನ್ನ ನಾನೂ ಮರ್ತೆ ಅಣ್ಣಾ.”

ಇಬ್ಬರೂ ಒಬ್ಬರನ್ನೊಬ್ಬರು ಧಾರಾಳವಾಗಿ ಕ್ಷಮಿಸಿದರು. ಅಲ್ಲಿಯೇ ಕಮಾನಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಹರಟೆಗೆ ಕೂತರು. ಅಟ್ಟಣೆ ಬಿಚ್ಚುವ ಮಾತನ್ನು ಒಬ್ಬನೂ ಎತ್ತಲಿಲ್ಲ. ಅಂಬಿಗ, ಪಾಪ, ಕೆಳಗಿನ ಊರಿನ ಕಡವಿಗೆ ದೋಣಿ ತಿರುಗಿಸಿದ್ದ; ಅವನ ಮೇಲಿನ ಕಣ್ಣು ತೆಗೆಯಬಹುದು.

ಕಥೆ ಮುಗಿದ ಊರಿನಲ್ಲಿ ಕಥೆಗಾರನಿಗೆ ಕೆಲಸವಿಲ್ಲ. ನಾನು ಗಂಟು ಕಟ್ಟಿ, ಹೆಗಲಿಗೇರಿಸಿ, ಹೊಸ ಸೇತುವೆ ಹತ್ತಿ ಹೊರಟೆ. ಗಂಡಂದಿರ ಬೆನ್ನ ಹಿಂದೆ, ತುಸು ದೂರದಲ್ಲಿ, ಓರಗಿತ್ತಿಯರು ಕೈ ಕೈ ಹಿಡಿದು ನಿಂತಿದ್ದರು. ದಾಟಿ ಹೋಗುವಾಗ ಕಿರಿಯವಳ ಪಿಸುಮಾತು ಕಿವಿಗೆ ಬಿತ್ತು:

“ಮುಂದಿನ ಸೇತುವೆಗೆ ಸ್ವಲ್ಪ ಚಿಕ್ಕ ಜಗಳ ತಂದಿಡೋಣ ಅಕ್ಕಾ, ಈ ಸಲ ಖಾರ ಜಾಸ್ತಿಯಾಯ್ತು.”