ಲಂಗದೊಳಗಿನ ಸೀರೆ ತುಂಡು

ಹೊಸ ಕಂಬಳಿಯ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ಹೋಗುತ್ತದೆ.

ಜಗಳೂರಿನ ನಮ್ಮ ಮನೆಯಲ್ಲಿ ಕಂಬಳಿ ನೇಯುತ್ತಿದ್ದರು. ನಾನಾಗಲೇ ಶಾಲೆ ಬಿಟ್ಟಿದ್ದೆ. ಮಧ್ಯಾಹ್ನ ಉಂಡ ಮೇಲೆ ನಾನೂ ತಂಗಿಯೂ ಅಜ್ಜಿಯ ಜೊತೆ ಜಗುಲಿಯಲ್ಲಿ ಕೂತು, ಕುರಿಯ ಉಣ್ಣೆಯನ್ನು ಮಡಿಲಿಗೆ ಹಾಕಿಕೊಂಡು ಅದರಲ್ಲಿದ್ದ ಮುಳ್ಳು, ಕಸ ಆರಿಸಬೇಕಿತ್ತು. ಉಣ್ಣೆಯ ಸಣ್ಣ ಕೂದಲು ಲಂಗ ತೂರಿ ಬಂದು ಚುಚ್ಚುತ್ತಿದ್ದವು. ಗಾಯವಾಗುತ್ತಿರಲಿಲ್ಲ, ರಕ್ತ ಬರುತ್ತಿರಲಿಲ್ಲ. ಆದರೂ ಸಂಜೆ ಹೊತ್ತಿಗೆ ತಂಗಿ ಜ್ವರ ಬಂದವಳ ಹಾಗೆ ಸೋತು ಮಲಗಿಬಿಡುತ್ತಿದ್ದಳು.

ಅವತ್ತು ಅವಳು ಅಳುಮುಖ ಮಾಡಿಕೊಂಡು, "ಅಜ್ಜೀ, ಮೈಯೆಲ್ಲ ಚುಚ್ತೈತೆ. ಕೂರಾಕೆ ಆಗಲ್ಲ," ಅಂದಳು.

"ಕೆಲಸ ಅಂದ್ರೆ ಸಾಕು, ಮಹಾರಾಣಿಗೆ ಎಲ್ಲಾ ಚುಚ್ತೈತೆ! ನಿಮ್ಮಕ್ಕ ಹೆಂಗೆ ಕುಂತಾಳೆ ನೋಡು," ಎಂದ ಅಜ್ಜಿ ನನ್ನ ಕಡೆ ತಿರುಗಿದಳು. "ನಿಂಗೂ ಚುಚ್ತೈತೇನೆ?"

"ನಂಗೇನೂ ಆಗಲ್ಲಜ್ಜಿ," ಅಂದೆ.

"ಕೇಳಿಸ್ತೇನೇ? ಗಟ್ಟಿಗಿತ್ತಿ ಅಂದ್ರೆ ಹಿಂಗಿರಬೇಕು."

ತಂಗಿ ನನ್ನನ್ನು ನೋಡಿದಳು. ಆಮೇಲೆ ತನ್ನ ತೊಡೆಯನ್ನೊಮ್ಮೆ ನೋಡಿಕೊಂಡು ಮತ್ತೆ ಉಣ್ಣೆ ಎಳೆದುಕೊಂಡಳು. ನಾನು ಅವ್ವನ ಹಳೆ ಸೀರೆಯ ಮೆತ್ತನೆಯ ತುಂಡೊಂದನ್ನು ಮಡಚಿ ಲಂಗದೊಳಗೆ ಇಟ್ಟುಕೊಂಡಿದ್ದೆ. ಬಿಚ್ಚಿದ್ದರೆ ಇಬ್ಬರಿಗೂ ಆಗುವಷ್ಟು ಅಗಲವಿತ್ತು ಅದು.

ಹೋದ ವಾರ ನ್ಯಾಮತಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಹಿಟ್ಟಿನ ಗಿರಣಿ ಅವರ ಗೋಡೆಗೆ ಅಂಟಿಕೊಂಡೇ ಇದೆ, ದಿನವಿಡೀ ಅದರದೇ ಸದ್ದು. ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು.

"ಈ ಸದ್ದಿನಾಗೆ ಹೆಂಗಿರ್ತೀಯೇ?" ಅಂದೆ.

"ನಂಗೇನೂ ಆಗಲ್ಲಕ್ಕ," ಅಂದಳು.